ಮಿಸ್ಸಮ್ಮ ಹೇಳಿದ ಸುಳ್ಳುಗಳು

1955ರ ಜನವರಿ 12ರಂದು ತೆರೆಕಂಡ ತೆಲುಗಿನ ‘ಮಿಸ್ಸಮ್ಮ’ ನಗೆಯ ಸಿನಿಮಾ. ಆದರೆ ಅದರ ಕಥೆ ಹುಟ್ಟುವುದು ನಿರುದ್ಯೋಗದಿಂದ. ಹಳ್ಳಿಯ ಜಮೀನ್ದಾರನೊಬ್ಬ ಕಳೆದುಹೋದ ಮಗಳು ಮಹಾಲಕ್ಷ್ಮಿಯ ಹೆಸರಿನಲ್ಲಿ ಶಾಲೆ ನಡೆಸುತ್ತಿರುತ್ತಾನೆ. ಅಲ್ಲಿ ಪಾಠ ಹೇಳಲು ಪದವಿ ಪಡೆದ ದಂಪತಿಯೇ ಬೇಕು ಎಂಬುದು ಅವನ ಷರತ್ತು. ಕೆಲಸವಿಲ್ಲದ ಹಿಂದೂ ಯುವಕ ಎಂ.ಟಿ. ರಾವ್ ಮತ್ತು ಮನೆಯವರ ಸಾಲ ತೀರಿಸಬೇಕಾದ ಕ್ರೈಸ್ತ ಯುವತಿ ಮೇರಿ ಗಂಡ–ಹೆಂಡತಿಯ ವೇಷ ಹಾಕಿ ಆ ಕೆಲಸ ಹಿಡಿಯುತ್ತಾರೆ.

ರಾವ್ ಆಗಿ ಎನ್.ಟಿ. ರಾಮರಾವ್, ಮೇರಿಯಾಗಿ ಸಾವಿತ್ರಿ. ನಾಗಿರೆಡ್ಡಿ–ಚಕ್ರಪಾಣಿ ನಿರ್ಮಾಣ, ಎಲ್.ವಿ. ಪ್ರಸಾದ್ ನಿರ್ದೇಶನ, ಎಸ್. ರಾಜೇಶ್ವರ ರಾವ್ ಸಂಗೀತ. ಅದೇ ತಿಂಗಳು ಜೆಮಿನಿ ಗಣೇಶನ್ ನಾಯಕರಾಗಿ ತಮಿಳಿನ ‘ಮಿಸ್ಸಿಯಮ್ಮ’ ಬಂತು. 1957ರಲ್ಲಿ ಮೀನಾ ಕುಮಾರಿ ಅಭಿನಯದ ಹಿಂದಿಯ ‘ಮಿಸ್ ಮೇರಿ’. ಮೂಲ, ರವೀಂದ್ರನಾಥ ಮೈತ್ರರ ಬಂಗಾಳಿ ನಾಟಕ ‘ಮಾನಮಯಿ ಗರ್ಲ್ಸ್ ಸ್ಕೂಲ್’. 1935ರಲ್ಲೇ ಅದು ಬಂಗಾಳಿ ಸಿನಿಮಾ ಆಗಿತ್ತು.

ಜಮೀನ್ದಾರನಿಗೆ ಹೇಳುವ ಸುಳ್ಳು ಹೊಟ್ಟೆಪಾಡಿನದು. ಅದು ನನಗೆ ಹಳೆಯದೆನಿಸುವುದಿಲ್ಲ. ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡುಗಳ ನಡುವೆ ಬಾಡಿಗೆ ಮನೆ ಹುಡುಕುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ರಾವ್ ನೆರೆಮನೆಯವನೇ. ಎರಡನೆಯ ಸುಳ್ಳು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು: ಇದು ಬರೀ ನಾಟಕ ಎಂದು. ಜಮೀನ್ದಾರನ ಕಿರಿಮಗಳು ರಾವ್ ಬಳಿ ಸಂಗೀತ ಕಲಿಯತೊಡಗಿದಾಗ ಮೇರಿಗಾಗುವ ಹೊಟ್ಟೆಕಿಚ್ಚು ಆ ಸುಳ್ಳನ್ನು ಬಯಲು ಮಾಡುತ್ತದೆ.

ಮೂರನೆಯದು ಸಿನಿಮಾ ನಮಗೇ ಹೇಳುವ ಸುಳ್ಳು. ಹಿಂದೂ–ಕ್ರೈಸ್ತ ಪ್ರೇಮವನ್ನು ಕೊನೆಯವರೆಗೂ ಸವಿಯಲು ಬಿಟ್ಟು, ಹುಟ್ಟುಮಚ್ಚೆಯೊಂದನ್ನು ತೋರಿಸಿ, ಮೇರಿಯೇ ಕಳೆದುಹೋಗಿದ್ದ ಮಹಾಲಕ್ಷ್ಮಿ ಎಂದುಬಿಡುತ್ತದೆ. ದಾಟಬೇಕಿದ್ದ ಗಡಿಯೇ ಮಾಯ.

ಈ ಕಣ್ಕಟ್ಟು ನನ್ನನ್ನು ಕಾಡಲು ಇನ್ನೊಂದು ತಾರೀಕು ಕಾರಣ. 1872ರ ಕಾಯ್ದೆಯಡಿ ಹಿಂದೂ–ಕ್ರೈಸ್ತ ಜೋಡಿ ರಿಜಿಸ್ಟರ್ ಮದುವೆಯಾಗಬೇಕಾದರೆ, ತಾವು ಆ ಧರ್ಮಗಳನ್ನು ಪಾಲಿಸುವವರಲ್ಲ ಎಂದು ಘೋಷಿಸಬೇಕಿತ್ತು. ಎಷ್ಟೋ ಜೋಡಿಗಳ ಪಾಲಿಗೆ ಅದು ಸರ್ಕಾರವೇ ಬರೆಸಿಕೊಳ್ಳುವ ಸುಳ್ಳು. ಆ ಷರತ್ತನ್ನು ಕೈಬಿಟ್ಟ ವಿಶೇಷ ವಿವಾಹ ಕಾಯ್ದೆ ಜಾರಿಗೆ ಬಂದದ್ದು 1955ರ ಜನವರಿ 1ರಂದು, ‘ಮಿಸ್ಸಮ್ಮ’ ತೆರೆಕಾಣುವ 11 ದಿನ ಮೊದಲು. ಮೂವತ್ತು ದಿನಗಳ ನೋಟಿಸ್ ಕೊಟ್ಟು ರಾವ್, ರಾವ್ ಆಗಿಯೇ, ಮೇರಿ, ಮೇರಿಯಾಗಿಯೇ ಮದುವೆಯಾಗಬಹುದಿತ್ತು. ಕಾನೂನು ತೆರೆದ ಬಾಗಿಲನ್ನು ಸಿನಿಮಾ ಮುಟ್ಟಲಿಲ್ಲ.

ಹಾಗೆಂದು ಮಚ್ಚೆ ಎಲ್ಲವನ್ನೂ ಅಳಿಸಲಾರದು. ರಾವ್ ಮನಸೋತದ್ದು ಮಹಾಲಕ್ಷ್ಮಿಗಲ್ಲ, ಅವನೊಡನೆ ಹೆಜ್ಜೆಹೆಜ್ಜೆಗೂ ಜಗಳವಾಡುತ್ತಿದ್ದ ಮೇರಿಗೆ. ಚಿತ್ರಮಂದಿರದಲ್ಲಿ ಕೂತು ಅವರಿಬ್ಬರೂ ಒಂದಾಗಲಿ ಎಂದು ಹಾರೈಸಿದವರಿಗೆ ಆ ಹೊತ್ತಿನಲ್ಲಿ ಅವಳ ಹುಟ್ಟಿನ ಗುಟ್ಟು ಬೇಕಿರಲಿಲ್ಲ.