ಮೆಕ್‌ಗ್ರೆಗರ್ ರಾಂಚ್: ಒಂದು ಹುಲ್ಲುಗಾವಲಿನ ಚರಿತ್ರೆ

ಅಮೆರಿಕದ ಪಶ್ಚಿಮ ಭಾಗದ ಚರಿತ್ರೆ ಎಂದರೆ ಕುದುರೆ ಸವಾರರ, ಬಂದೂಕಿನ ಕತೆಗಳೇ ನಮ್ಮಲ್ಲಿ ಹೆಚ್ಚು ಪರಿಚಿತ. ಆದರೆ ಅಲ್ಲಿನ ನಿಜವಾದ ಜಗಳ ನಡೆದದ್ದು ಹುಲ್ಲು, ನೀರು ಮತ್ತು ಜಮೀನಿನ ಕಾಗದಪತ್ರಗಳಿಗಾಗಿ. ಕೊಲೊರಾಡೊ ರಾಜ್ಯದ ಎಸ್ಟೆಸ್ ಪಾರ್ಕ್ ಊರಿನ ಪಕ್ಕ, ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡಿರುವ ಮೆಕ್‌ಗ್ರೆಗರ್ ರಾಂಚ್ ಎಂಬ ದನ ಸಾಕುವ ಜಮೀನು ಇದಕ್ಕೊಂದು ಸಾಕ್ಷಿ.

ಈ ಕಣಿವೆಗೆ ಮೊದಲು ದನಗಳನ್ನು ತಂದು ನೆಲೆಸಿದ ಬಿಳಿಯ ಜೋಯೆಲ್ ಎಸ್ಟೆಸ್. 1859ರಲ್ಲಿ ಕಣಿವೆಯನ್ನು ಕಂಡ ಆತ, ಅಲ್ಲಿನ ಕ್ರೂರ ಚಳಿಗಾಲವನ್ನು ತಾಳಲಾರದೆ 1866ರಲ್ಲಿ ಬಿಟ್ಟುಹೋದ. ಆತನ ಹೆಸರು ಮಾತ್ರ ಊರಿಗೆ ಉಳಿಯಿತು. ಆದರೆ ಕಣಿವೆ ಅದಕ್ಕೂ ಮೊದಲು ಖಾಲಿ ಇರಲಿಲ್ಲ. ಯೂಟ್ ಮತ್ತು ಅರಪಾಹೊ ಜನ ಬೇಸಿಗೆಯಲ್ಲಿ ಇಲ್ಲಿ ಬೇಟೆಯಾಡುತ್ತಿದ್ದರು. ಕೊಲೊರಾಡೊದಲ್ಲಿ ಚಿನ್ನ ಸಿಕ್ಕಿದ ಮೇಲೆ ಒಪ್ಪಂದಗಳ ಹೆಸರಲ್ಲಿ ಅವರ ನೆಲ ಕುಗ್ಗುತ್ತ ಹೋಯಿತು. 1864ರ ನವೆಂಬರ್‌ನಲ್ಲಿ ಸ್ಯಾಂಡ್ ಕ್ರೀಕ್ ಎಂಬಲ್ಲಿ ಶಾಯೆನ್ ಮತ್ತು ಅರಪಾಹೊ ಬಿಡಾರದ ಮೇಲೆ ಸೈನಿಕರು ಎರಗಿದರು. ಸತ್ತವರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು. 1878ರಲ್ಲಿ ಉತ್ತರದ ಅರಪಾಹೊಗಳನ್ನು ವಯೋಮಿಂಗ್‌ನ ವಿಂಡ್ ರಿವರ್ ಮೀಸಲು ಪ್ರದೇಶಕ್ಕೆ ಕಳಿಸಲಾಯಿತು.

ಹೀಗೆ ತೆರವಾದ ನೆಲಕ್ಕೆ 1872ರ ಕೊನೆಯಲ್ಲಿ ಡನ್‌ರೇವನ್ ಎಂಬ ಐರಿಷ್ ಜಮೀನ್ದಾರ ಬಂದ. ಬೇಟೆಯ ಹುಚ್ಚಿದ್ದ ಈತನಿಗೆ ಇಡೀ ಕಣಿವೆಯೇ ಬೇಕಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆ ಬಡ ರೈತನಿಗೆ 160 ಎಕರೆ ಕೊಡಲು ಹುಟ್ಟಿದ್ದು. ಡನ್‌ರೇವನ್ನನ ಏಜೆಂಟರು ಬಾಡಿಗೆಯ ಜನರಿಂದ ಅರ್ಜಿ ಹಾಕಿಸಿ ಸಾವಿರಾರು ಎಕರೆ ಬರೆಸಿಕೊಂಡರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಲ್ಲವೂ ಬೇನಾಮಿ. ನೀರಿನ ಸೆಲೆ ಕೈಗೆ ಬಂದರೆ ಸುತ್ತಲಿನ ಹುಲ್ಲೂ ಕೈಗೆ ಬಂದಂತೆಯೇ.

ಇದೇ ಹೊತ್ತಿಗೆ ಅಲೆಕ್ಸಾಂಡರ್ ಮೆಕ್‌ಗ್ರೆಗರ್ ಎಂಬ ವಕೀಲ, ಹೆಂಡತಿ ಕ್ಲಾರಾ ಮತ್ತು ಅತ್ತೆ ಜಾರ್ಜಿಯಾನಾ ಹೀನಿ ಜೊತೆ ಬ್ಲ್ಯಾಕ್ ಕ್ಯಾನಿಯನ್ ಬಳಿ ನೆಲೆಸಿದ. ಈ ಕಾಯ್ದೆಗಳಡಿ ಒಂಟಿ ಹೆಂಗಸೂ ಜಮೀನು ಕೇಳಬಹುದಿತ್ತು. ಅತ್ತೆಯೂ ತನ್ನ ಹೆಸರಲ್ಲಿ ಪಡೆದಳು. ಕಾನೂನು ಬಲ್ಲ ಮೆಕ್‌ಗ್ರೆಗರ್ ಡನ್‌ರೇವನ್ನನ ಹಕ್ಕುಗಳನ್ನು ಪ್ರಶ್ನಿಸಿದ. ಹಾಗೆಂದು ಆತನೇನೂ ಸಂತನಲ್ಲ. 1875ರಲ್ಲಿ ಲಯನ್ಸ್ ಊರಿನಿಂದ ಕಣಿವೆಗೆ ರಸ್ತೆ ಮಾಡಿಸಿ, ಹೋಗಿಬರುವವರಿಂದ ಸುಂಕ ವಸೂಲಿ ಮಾಡಿದ. ದನ, ಮರದ ಮಿಲ್ಲು, ಪ್ರವಾಸಿಗರಿಗೆ ಬಾಡಿಗೆ ಮನೆ, ಹೀಗೆ ಹಲವು ಕಸುಬುಗಳಿಂದ ರಾಂಚ್ ಬದುಕಿತು. 1876ರಲ್ಲಿ ಕ್ಲಾರಾ ಊರಿನ ಮೊದಲ ಪೋಸ್ಟ್‌ಮಾಸ್ಟರ್ ಆದಳು. 1896ರಲ್ಲಿ ಮೆಕ್‌ಗ್ರೆಗರ್ ಬೆಟ್ಟದಲ್ಲಿ ಸಿಡಿಲು ಬಡಿದು ಸತ್ತ. ಡನ್‌ರೇವನ್ನನ ಉಳಿದ ಜಮೀನು 1900ರ ದಶಕದಲ್ಲಿ ಮಾರಾಟವಾಯಿತು.

1915ರ ಜನವರಿ 26ರಂದು ಉದ್ಯಾನ ಸ್ಥಾಪನೆಯಾದಾಗ ಕಾಲ ಬದಲಾಗಿತ್ತು. ದನಕ್ಕಿಂತ ಪ್ರವಾಸಿಗನಿಂದ ಲಾಭ ಹೆಚ್ಚು. ಹುಲ್ಲುಗಾವಲಿಗಿಂತ ನಿವೇಶನಕ್ಕೆ ಬೆಲೆ ಹೆಚ್ಚು. ಆ ಒತ್ತಡವನ್ನು ಕೊನೆಯವರೆಗೆ ತಡೆದವಳು ಮೆಕ್‌ಗ್ರೆಗರನ ಮೊಮ್ಮಗಳು ಮ್ಯೂರಿಯಲ್. ಕಾನೂನು ಓದಿದ್ದ ಆಕೆ, 1950ರಲ್ಲಿ ತಂದೆ ತಾಯಿ ತೀರಿಕೊಂಡ ಮೇಲೆ ಮದುವೆಯಿಲ್ಲದೆ ಒಂಟಿಯಾಗಿ ದನ ಸಾಕಿದಳು. 1970ರಲ್ಲಿ ಸಾಯುವಾಗ ಜಮೀನನ್ನು ಶಿಕ್ಷಣ ಮತ್ತು ದತ್ತಿ ಕಾರ್ಯಕ್ಕೆಂದು ಉಯಿಲು ಬರೆದಿಟ್ಟಿದ್ದಳು. ಆ ಮೇಲೆ ತೆರಿಗೆ, ವ್ಯಾಜ್ಯಗಳ ಹೊರೆ ಬಿತ್ತು. 1983ರಲ್ಲಿ ಟ್ರಸ್ಟ್ ಒಂದು ದಾರಿ ಹುಡುಕಿತು: ಸುಮಾರು 1,200 ಎಕರೆಯಲ್ಲಿ ಹೊಸದಾಗಿ ಕಟ್ಟಡ ಎಬ್ಬಿಸುವ ಹಕ್ಕನ್ನು ಮಾತ್ರ ರಾಷ್ಟ್ರೀಯ ಉದ್ಯಾನ ಸೇವೆಗೆ ಮಾರಿತು. ಜಮೀನು ಟ್ರಸ್ಟಿನದೇ, ದನಗಳೂ ಅದರವೇ. ಲೇಔಟ್ ಮಾಡುವಂತಿಲ್ಲ, ಅಷ್ಟೆ. ಶಾಲಾ ಮಕ್ಕಳು ಅಲ್ಲಿಗೆ ಬಂದು ಹಳೆಯ ಬದುಕನ್ನು ನೋಡಿ ಕಲಿಯುವಂತಾಯಿತು.

ಇಷ್ಟನ್ನು ಮೆಚ್ಚಿಕೊಳ್ಳುವಾಗ ನಾವು ಇನ್ನೊಂದು ಸಂಗತಿಯನ್ನು ಮರೆಯಬಾರದು. 1914ರಲ್ಲಿ, ಉದ್ಯಾನದ ಬೆಟ್ಟಗಳಿಗೆ ಹೆಸರಿಡಲು ವಿಂಡ್ ರಿವರ್‌ನಿಂದ ಇಬ್ಬರು ಅರಪಾಹೊ ಹಿರಿಯರನ್ನು ಕರೆಸಲಾಯಿತು. ಅವರು ಕುದುರೆಯ ಮೇಲೆ ಸುತ್ತಾಡಿ ಒಂದೊಂದು ಶಿಖರ, ಕಣಿವೆ, ಹಾದಿಯ ಹೆಸರನ್ನೂ ನೆನಪಿಸಿಕೊಂಡು ಹೇಳಿದರು. ರಾಂಚಿನ ಬೆನ್ನಿಗಿರುವ ಬಂಡೆಗಳ ಸಾಲಿನ ಇಂದಿನ ಹೆಸರು ಲಂಪಿ ರಿಜ್. ಅದೂ ಅವರ ಮಾತಿನ ಅನುವಾದವೇ. ಹೆಸರುಗಳನ್ನು ಬರೆದುಕೊಂಡ ಮೇಲೆ ಹಿರಿಯರು ಮೀಸಲು ಪ್ರದೇಶಕ್ಕೆ ಮರಳಿದರು. ಡನ್‌ರೇವನ್ನನನ್ನು ಎದುರಿಸಲು ಮೆಕ್‌ಗ್ರೆಗರನಿಗೆ ಕೋರ್ಟು ಇತ್ತು, ಮ್ಯೂರಿಯಲ್‌ಗೆ ಉಯಿಲು ಇತ್ತು. ಈ ಹಿರಿಯರ ಬಳಿ ಇದ್ದದ್ದು ನೆನಪು ಮಾತ್ರ; ಅದನ್ನು ಯಾವ ನೋಂದಣಿ ಕಚೇರಿಯೂ ದಾಖಲೆ ಎಂದು ಒಪ್ಪಿರಲಿಲ್ಲ.