ದುಂಡು ಓರೆಯಚ್ಚು

ಗೆರೆಯ ದಪ್ಪ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿದ್ದು, ತುದಿಗಳು ಗುಂಡಗಿರುವ, ಬಲಕ್ಕೆ ವಾಲಿದ ಅಕ್ಷರವಿನ್ಯಾಸ. ಲ್ಯಾಟಿನ್ ಲಿಪಿಯಲ್ಲಿ ಇದು ಸ್ಯಾನ್ಸ್ ಸೆರಿಫ್ ಇಟಾಲಿಕ್‌ನ ಒಂದು ಬಗೆ. ಓರೆಯಚ್ಚು 1500ರ ಸುಮಾರಿಗೆ ವೆನಿಸ್‌ನಲ್ಲಿ ಆಲ್ಡಸ್ ಮನೂಷಿಯಸ್‌ನ ಮುದ್ರಣಾಲಯದಲ್ಲಿ ಹುಟ್ಟಿತು. ಅದಕ್ಕೆ ಅಂದಿನ ಕೈಬರಹವೇ ಮಾದರಿ.

ಕನ್ನಡ ಲಿಪಿ ಮೊದಲೇ ದುಂಡಗಿನದು. ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಶಾಸನಗಳಲ್ಲೂ ಆ ದುಂಡುತನ ಕಾಣುತ್ತದೆ. ಆದರೆ ಬಹುಪಾಲು ಕನ್ನಡ ಫಾಂಟುಗಳಿಗೆ ಪ್ರತ್ಯೇಕ ಓರೆರೂಪವಿಲ್ಲ. ನೆಟ್ಟಗಿನ ಅಕ್ಷರವನ್ನೇ ಕಂಪ್ಯೂಟರ್ ವಾಲಿಸುತ್ತದೆ. ಇದರ ತೊಡಕು ಮಳಖೇಡವಿರುವ ಕಲಬುರಗಿ ಜಿಲ್ಲೆಯ ಊರ ಹೆಸರುಗಳಲ್ಲೇ ತಿಳಿಯುತ್ತದೆ. ‘ಚಿತ್ತಾಪುರ’ವನ್ನು ವಾಲಿಸಿದರೆ ತಲೆಕಟ್ಟು ಬಲಕ್ಕೂ ಕೆಳಗಿನ ತ-ಒತ್ತು ಎಡಕ್ಕೂ ಸರಿದು, ಒತ್ತು ತನ್ನ ಅಕ್ಷರದಿಂದ ಕಳಚಿದಂತಾಗುತ್ತದೆ. ‘ಸೇಡಂ’, ‘ಚಿಂಚೋಳಿ’ಗಳ ಸೊನ್ನೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ‘ವಾಡಿ’ ಮಾತ್ರ ಅಷ್ಟಾಗಿ ಕೆಡದು: ಅದರಲ್ಲಿ ಒತ್ತೂ ಇಲ್ಲ, ಸೊನ್ನೆಯೂ ಇಲ್ಲ. ಹಾಗಾಗಿ ಒಳ್ಳೆಯ ಓರೆಯಚ್ಚಿಗೆ ಒತ್ತಕ್ಷರಗಳನ್ನು ಬೇರೆಯಾಗಿಯೇ ಬರೆದು ಕೂರಿಸಬೇಕು. ಆ ಶ್ರಮಕ್ಕೆ ಅಡ್ಡದಾರಿಯಿಲ್ಲ.

ಅಂಗಡಿ ಬೋರ್ಡು, ಆಮಂತ್ರಣ ಪತ್ರಿಕೆ, ಮಕ್ಕಳ ಪುಸ್ತಕದ ಶೀರ್ಷಿಕೆಗಳಿಗೆ ಈ ಬಗೆ ಒಪ್ಪುತ್ತದೆ. ಬ್ರಶ್ಶಿನಲ್ಲಿ ಬೋರ್ಡು ಬರೆಯುವ ಪೇಂಟರ್ ಒತ್ತನ್ನು ಕಣ್ಣಳತೆಯಲ್ಲೇ ಸರಿಯಾದ ಜಾಗಕ್ಕೆ ತರುತ್ತಾನೆ. ಯಂತ್ರದ ಓರೆಗಿಂತ ಅವನ ಕೈಯ ಓರೆ ಚೆಂದ. ಆದರೆ ದೂರದಿಂದ ಓದಬೇಕಾದ ರೈಲು ನಿಲ್ದಾಣದ ಹಳದಿ ಫಲಕಗಳಿಗೂ ಉದ್ದನೆಯ ಬರಹಕ್ಕೂ ನೆಟ್ಟಗಿನ ಅಕ್ಷರವೇ ಲೇಸು. ಮುಂಬೈನ ಫಾಂಟು ಸಂಸ್ಥೆ ಏಕ್ ಟೈಪ್ ರೂಪಿಸಿದ ‘ಬಲೂ ತಮ್ಮ’ ಕನ್ನಡದ ದುಂಡು ಫಾಂಟುಗಳಲ್ಲಿ ಹೆಸರಾದದ್ದು. ಅದೂ ನೆಟ್ಟಗೇ ನಿಂತಿದೆ.