ಮೂರು ತಲೆಮಾರು, ಎರಡು ಕ್ರಿಸ್‌ಮಸ್

ಭಾಗ 1/5

ವರ್ಷಕ್ಕೆ ಎರಡೇ ಸಲ ಅಮ್ಮನ ಧ್ವನಿ ಕೇಳಬಹುದು ಅಂತ ಯಾರಾದ್ರೂ ಷರತ್ತು ಹಾಕಿದ್ರೆ ನೀವು ಒಪ್ಕೋತೀರಾ?

2019ರ ಫೆಬ್ರವರಿವರೆಗೂ ನಮ್ಮದೇ ವಯಸ್ಸಿನ ಸಾವಿರಾರು ಹುಡುಗ ಹುಡುಗಿಯರು ಇದನ್ನ ಒಪ್ಪಿಕೊಂಡು ಮನೆ ಬಿಡ್ತಿದ್ರು. ಇವರು ಮಾರ್ಮನ್ ಮಿಷನರಿಗಳು. ಬಿಳಿ ಶರ್ಟ್, ಟೈ, ಎದೆ ಮೇಲೆ ಕಪ್ಪು ನೇಮ್ ಟ್ಯಾಗ್ ಹಾಕ್ಕೊಂಡು ಯಾವಾಗಲೂ ಜೋಡಿಯಾಗಿ ನಡೆಯೋರನ್ನ ಬೆಂಗಳೂರಲ್ಲೂ ನೀವು ನೋಡಿರಬಹುದು. 1993ರಿಂದ ಅವರ ಒಂದು ಮಿಷನ್ ಬೆಂಗಳೂರಿನ ಹೆಸರಲ್ಲೇ ಇದೆ.

ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಸಂಬಳ ಇಲ್ಲ. ಯಾವ ದೇಶ ಅಂತ ಆರಿಸಿಕೊಳ್ಳೋ ಹಾಗೂ ಇಲ್ಲ, ಚರ್ಚ್ ಕಳಿಸಿದ ಕಡೆ ಹೋಗಬೇಕು. ಮನೆಗೆ ವಾರಕ್ಕೊಂದು ಪತ್ರ ಬರೀಬಹುದಿತ್ತು, ಆಮೇಲೆ ಇಮೇಲ್ ಬಂತು. ಆದರೆ ಫೋನ್ ಮಾತ್ರ ವರ್ಷಕ್ಕೆ ಎರಡು ದಿನ: ಒಂದು ತಾಯಂದಿರ ದಿನ, ಇನ್ನೊಂದು ಕ್ರಿಸ್‌ಮಸ್. ಹಾಗಾಗಿ ಅವರ ಮನೆಗಳಲ್ಲಿ ಡಿಸೆಂಬರ್ 25 ಅಂದ್ರೆ ಕೇಕ್‌ಗಿಂತ ಮೊದಲು ಆ ಒಂದು ಕರೆ ನೆನಪಾಗ್ತಿತ್ತು.

ಆ ಒಂದು ಕರೆಯೂ ಇಲ್ಲದ ಕಾಲದ ಕಥೆ ಇದು. ಒಂದೇ ಮನೆತನದ ತಾತ ಮತ್ತು ಮೊಮ್ಮಗ, ಒಂದೇ ಖಂಡದ ಎರಡು ದೇಶಗಳಲ್ಲಿ ಕಳೆದ ಎರಡು ಕ್ರಿಸ್‌ಮಸ್‌ಗಳು. ನಡುವೆ 74 ವರ್ಷಗಳ ಅಂತರ. ಸ್ವೈಪ್ ಮಾಡೋ ಮುಂಚೆ ಒಂದು ಮಾತು: ಯಾವ ಮತ ಸರಿ, ಯಾವುದು ತಪ್ಪು ಅನ್ನೋ ಚರ್ಚೆ ಇದಲ್ಲ. ಸೋತ ಕೆಲಸವನ್ನ ಚರಿತ್ರೆ ಯಾವ ಕಾಲಮ್ಮಿನಲ್ಲಿ ಬರೆಯುತ್ತೆ ಅನ್ನೋದು ನನ್ನ ಪ್ರಶ್ನೆ.

ಭಾಗ 2/5

1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಅನ್ನೋರು ಈ ಚರ್ಚ್ ಶುರು ಮಾಡಿದ್ರು. ಅವರ ಮೊದಲ ಹನ್ನೆರಡು ಅಪೊಸ್ತಲರಲ್ಲಿ ಒಬ್ಬರು ಪಾರ್ಲಿ ಪ್ರಾಟ್. ಒಳ್ಳೆ ಬರಹಗಾರ, ಒಳ್ಳೆ ಮಾತುಗಾರ. ಇಂಗ್ಲಿಷ್ ಆಡುವ ಊರಲ್ಲಿ ಅವರನ್ನ ತಡೆಯೋರಿರಲಿಲ್ಲ.

1851ರ ಸೆಪ್ಟೆಂಬರ್‌ನಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದಿಂದ ಹಡಗು ಹತ್ತಿದರು. ಜೊತೆಗೆ ಗರ್ಭಿಣಿ ಹೆಂಡತಿ ಫೀಬಿ, ರೂಫಸ್ ಆಲನ್ ಅನ್ನೋ ಒಬ್ಬ ಸಂಗಾತಿ. 64 ದಿನ ಸಮುದ್ರದ ಮೇಲೆ. ನವೆಂಬರ್ 8ಕ್ಕೆ ಚಿಲಿ ದೇಶದ ವಾಲ್ಪರೈಸೊ ಬಂದರಿಗೆ ಬಂದಿಳಿದರು. ದಕ್ಷಿಣ ಅಮೆರಿಕಕ್ಕೆ ಹೋದ ಮೊದಲ ಮಾರ್ಮನ್ ಮಿಷನರಿಗಳು ಇವರೇ.

ಹೋದ ಗಳಿಗೆ ಸರಿ ಇರಲಿಲ್ಲ. ಚಿಲಿಯಲ್ಲಿ ಆಗ ಅಂತರ್ಯುದ್ಧ ನಡೀತಿತ್ತು. 1833ರ ಸಂವಿಧಾನದ ಪ್ರಕಾರ ಕ್ಯಾಥೊಲಿಕ್ ಧರ್ಮವೇ ದೇಶದ ಧರ್ಮ, ಬೇರೆ ಯಾವ ಮತವನ್ನೂ ಬಹಿರಂಗವಾಗಿ ಆಚರಿಸೋ ಹಾಗಿರಲಿಲ್ಲ. ಕೈಯಲ್ಲಿದ್ದ ಹಣವೂ ಕರಗ್ತಾ ಬಂತು. ಎಲ್ಲಕ್ಕಿಂತ ದೊಡ್ಡ ತೊಡಕು ಭಾಷೆ. ಪಾರ್ಲಿಗೆ ಸ್ಪ್ಯಾನಿಷ್ ಬರ್ತಿರಲಿಲ್ಲ. 44ನೇ ವಯಸ್ಸಲ್ಲಿ ಪುಸ್ತಕ ಹಿಡಿದು ಕಲಿಯೋಕೆ ಕೂತರು. ಓದೋದು ಅಷ್ಟಿಷ್ಟು ಬಂತು, ಆದರೆ ಬೀದಿಯಲ್ಲಿ ನಿಂತು ಒಬ್ಬನ ಮನಸ್ಸು ಮುಟ್ಟೋ ಹಾಗೆ ಮಾತಾಡೋದು ಬರಲಿಲ್ಲ.

ನವೆಂಬರ್ 30ಕ್ಕೆ ಗಂಡು ಮಗು ಹುಟ್ಟಿತು. ಕ್ರಿಸ್‌ಮಸ್ ಬಂದಾಗ ಮಗುವಿಗೆ 25 ದಿನ. ಭೂಮಧ್ಯರೇಖೆಯ ಆ ಕಡೆ ಡಿಸೆಂಬರ್ ಅಂದ್ರೆ ಬೇಸಿಗೆ. ಹಿಮ ಇಲ್ಲ, ನೆಂಟರಿಲ್ಲ, ಅವರ ಚರ್ಚಿನವರು ಅಂತ ಇಡೀ ಖಂಡದಲ್ಲಿ ಆ ಒಂದೇ ಮನೆ. ಊರಿಂದ ಕಾಗದ ಬರಬೇಕಾದ್ರೂ ತಿಂಗಳುಗಟ್ಟಲೆ ಕಾಯಬೇಕು.

ಜನವರಿಯಲ್ಲಿ ಮಗು ತೀರಿಕೊಂಡಿತು. ಐದು ವಾರ ದಾಟಿತ್ತಷ್ಟೇ. ಮಾರ್ಚ್‌ನಲ್ಲಿ ಮೂವರೂ ವಾಪಸ್ ಹಡಗು ಹತ್ತಿದರು. ಮತಕ್ಕೆ ಸೇರಿದವರು ಒಬ್ಬರೂ ಇಲ್ಲ. ಹಿಂದೆ ಬಿಟ್ಟು ಬಂದದ್ದು ಒಂದು ಪುಟ್ಟ ಗೋರಿ.

ಭಾಗ 3/5

ಇಲ್ಲಿಗೇ ನಿಲ್ಲಿಸಿದ್ರೆ ಇದೊಂದು ಸೋಲಿನ ಕಥೆ. ಆದರೆ ಪಾರ್ಲಿಗೆ ಸಿಗದೇ ಹೋದ ಸ್ಪ್ಯಾನಿಷ್ ಅವರ ಮನೆತನಕ್ಕೆ ಬೇರೆ ದಾರಿಯಿಂದ ಬಂತು.

ಆ ಕಾಲದಲ್ಲಿ ಮಾರ್ಮನ್ನರಲ್ಲಿ ಬಹುಪತ್ನಿತ್ವ ಇತ್ತು. ಪಾರ್ಲಿಗೆ ಇನ್ನೊಬ್ಬ ಹೆಂಡತಿಯಲ್ಲಿ ಹುಟ್ಟಿದ ಹೆಲಮನ್, ಅಪ್ಪ ಚಿಲಿಯಲ್ಲಿದ್ದಾಗ ಐದು ವರ್ಷದ ಹುಡುಗ. 1857ರಲ್ಲಿ ಪಾರ್ಲಿ ಅರ್ಕಾನ್ಸಾದಲ್ಲಿ ಕೊಲೆಯಾದರು. ಹೆಲಮನ್ ದೊಡ್ಡವನಾದ ಮೇಲೆ, 1875ರಲ್ಲಿ, ಮೆಕ್ಸಿಕೋಗೆ ಹೊರಟ ಮೊದಲ ಮಾರ್ಮನ್ ತಂಡದಲ್ಲಿ ಸೇರಿಕೊಂಡ. ಕುದುರೆ ಮೇಲೆ ಪ್ರಯಾಣ. ಈ ಸಲ ಅವರು ಬರಿಗೈಲಿ ಹೋಗಲಿಲ್ಲ, 'ಬುಕ್ ಆಫ್ ಮಾರ್ಮನ್'ನ ಆಯ್ದ ಭಾಗಗಳನ್ನ ಸ್ಪ್ಯಾನಿಷ್‌ನಲ್ಲಿ ಅಚ್ಚು ಹಾಕಿಸಿ ಹೊತ್ತುಕೊಂಡು ಹೋದರು.

1882ರಲ್ಲಿ ಅಮೆರಿಕ ಸರ್ಕಾರ ಬಹುಪತ್ನಿತ್ವದ ವಿರುದ್ಧ ಬಿಗಿ ಕಾನೂನು ತಂದಿತು. ಜೈಲು ತಪ್ಪಿಸಿಕೊಳ್ಳೋಕೆ ಎಷ್ಟೋ ಮಾರ್ಮನ್ ಕುಟುಂಬಗಳು 1885ರಿಂದ ಮೆಕ್ಸಿಕೋದ ಉತ್ತರ ಭಾಗಕ್ಕೆ ಹೋಗಿ ಊರು ಕಟ್ಟಿಕೊಂಡವು. ಹೆಲಮನ್ ಕುಟುಂಬವೂ ಹೋಯ್ತು. ಅವನ ಮಗ ರೇ ಆಗ ಸುಮಾರು ಒಂಬತ್ತು ವರ್ಷದವ. ಸುತ್ತ ಮೆಕ್ಸಿಕನ್ ಹುಡುಗರು, ಸಂತೆ, ಹೊಲ. ತಾತ ವ್ಯಾಕರಣ ಪುಸ್ತಕ ಹಿಡಿದು ಕಲಿಯಲಾಗದ ಭಾಷೆ ಮೊಮ್ಮಗನಿಗೆ ಆಟ ಆಡ್ತಾ ಆಡ್ತಾ ಬಂತು. 1907ರಲ್ಲಿ ರೇ ಪ್ರಾಟ್ ಮೆಕ್ಸಿಕನ್ ಮಿಷನ್‌ನ ಅಧ್ಯಕ್ಷರಾದರು. ಸಾಯೋವರೆಗೂ, ಅಂದ್ರೆ 1931ರವರೆಗೂ, ಆ ಹೊಣೆ ಅವರ ಮೇಲೇ ಇತ್ತು.

ಗಮನಿಸಿ, ಇದನ್ನ ಯಾರೂ ಪ್ಲಾನ್ ಮಾಡಿರಲಿಲ್ಲ. ಕಾನೂನಿಗೆ ಹೆದರಿ ಗಡಿ ದಾಟಿದ್ದರಿಂದ ಬಂದ ಭಾಷೆ ಅದು.

ಭಾಗ 4/5

ಈಗ 1925ಕ್ಕೆ ಬನ್ನಿ. ಮೊದಲ ಮಹಾಯುದ್ಧ ಮುಗಿದು ಜರ್ಮನಿ ಕಂಗೆಟ್ಟಿತ್ತು. ಅಲ್ಲಿಂದ ಅರ್ಜೆಂಟೀನಾಗೆ ವಲಸೆ ಹೋದವರಲ್ಲಿ ವಿಲ್ಹೆಲ್ಮ್ ಫ್ರೀಡ್ರಿಕ್ಸ್, ಎಮಿಲ್ ಹೋಪ್ಪೆ ಅನ್ನೋ ಇಬ್ಬರು ಮಾರ್ಮನ್ನರಿದ್ದರು. ಬ್ಯೂನಸ್ ಐರಿಸ್‌ನಲ್ಲಿ ಅಕ್ಕಪಕ್ಕದ ಜರ್ಮನ್ನರಿಗೆ ತಾವೇ ಬೋಧಿಸ್ತಿದ್ರು. ಆದರೆ ದೀಕ್ಷಾಸ್ನಾನ ಕೊಡೋ ಅಧಿಕಾರ ಅವರಿಗಿರಲಿಲ್ಲ. ಯಾರನ್ನಾದ್ರೂ ಕಳಿಸಿ ಅಂತ ಸಾಲ್ಟ್ ಲೇಕ್ ಸಿಟಿಗೆ ಪತ್ರ ಹೋಯ್ತು.

ಮೂವರು ಬಂದರು. ತಂಡದ ನಾಯಕ, ಅಪೊಸ್ತಲ ಮೆಲ್ವಿನ್ ಬ್ಯಾಲಾರ್ಡ್‌ಗೆ ಸ್ಪ್ಯಾನಿಷೂ ಬರಲ್ಲ, ಜರ್ಮನೂ ಬರಲ್ಲ. ರೂಲನ್ ವೆಲ್ಸ್‌ಗೆ ಜರ್ಮನ್ ಬರ್ತಿತ್ತು. ಸ್ಪ್ಯಾನಿಷ್‌ಗೆ ಅಂತ ಬಂದವರು ಯಾರು ಗೊತ್ತಾ? ರೇ ಪ್ರಾಟ್. ಪಾರ್ಲಿ ಸತ್ತು 21 ವರ್ಷದ ಮೇಲೆ ಹುಟ್ಟಿದ ಮೊಮ್ಮಗ, ತಾತ ಬರಿಗೈಲಿ ವಾಪಸಾದ ಖಂಡಕ್ಕೆ ಬಂದಿಳಿದಿದ್ದರು.

ಡಿಸೆಂಬರ್ 6ಕ್ಕೆ ಬಂದರು. 12ಕ್ಕೆ ಪ್ಲಾಟಾ ನದಿಯಲ್ಲಿ ಆರು ಜನರಿಗೆ ದೀಕ್ಷಾಸ್ನಾನ ಆಯ್ತು, ಎಲ್ಲರೂ ಜರ್ಮನ್ ವಲಸಿಗರ ಬಳಗದವರು. ಕ್ರಿಸ್‌ಮಸ್ ಬೆಳಿಗ್ಗೆ ಮೂವರೂ ನಗರದ 'ಫೆಬ್ರವರಿ ಮೂರು' ಪಾರ್ಕಿಗೆ ನಡೆದು ಹೋದರು. ಮರಗಳ ನೆರಳಲ್ಲಿ ಹಾಡಿದರು, ಬ್ಯಾಲಾರ್ಡ್ ಪ್ರಾರ್ಥನೆ ಮಾಡಿದರು. ದಕ್ಷಿಣ ಅಮೆರಿಕದ ಮಿಷನ್ ಶುರುವಾದ ದಿನ ಅಂತ ಅವರ ಚರ್ಚ್ ಇವತ್ತಿಗೂ ಗುರುತಿಸೋದು ಆ 1925ರ ಕ್ರಿಸ್‌ಮಸ್ಸನ್ನೇ.

ಪಾರ್ಕಿನ ಹೆಸರು ನೋಡಿ ನಾನು ಒಂದು ನಿಮಿಷ ನಿಂತೆ. ಅದು 1852ರ ಫೆಬ್ರವರಿ 3ರ ನೆನಪಿಗೆ ಇಟ್ಟ ಹೆಸರು. ಅರ್ಜೆಂಟೀನಾದ ಸರ್ವಾಧಿಕಾರಿ ರೋಸಾಸ್ ಕಾಸೆರೋಸ್ ಯುದ್ಧದಲ್ಲಿ ಸೋತ ದಿನ ಅದು. ಆ ದಿನ ಪಾರ್ಲಿ ಇನ್ನೂ ಆಂಡಿಸ್ ಬೆಟ್ಟಗಳ ಆಚೆ, ಚಿಲಿಯಲ್ಲೇ ಇದ್ದರು. ಮಗು ಹೋಗಿ ತಿಂಗಳೂ ಕಳೆದಿರಲಿಲ್ಲ.

ಭಾಗ 5/5

ಹಾಗಾದ್ರೆ ಮೊಮ್ಮಗ ಗೆದ್ದುಬಿಟ್ಟರಾ? ಅಷ್ಟು ಸುಲಭ ಅಲ್ಲ. ಜರ್ಮನ್ ಬಲ್ಲ ವೆಲ್ಸ್ ಕಾಯಿಲೆ ಬಿದ್ದು ಜನವರಿಯಲ್ಲೇ ವಾಪಸ್ ಹೋದರು. ಉಳಿದ ಇಬ್ಬರು ತಿಂಗಳುಗಟ್ಟಲೆ ಮನೆ ಮನೆಗೆ ಕರಪತ್ರ ಹಂಚಿದರು, ಸೇರಿದವರು ಬೆರಳೆಣಿಕೆ. 1926ರ ಜುಲೈನಲ್ಲಿ ಹೊರಡೋ ಮುಂಚೆ ಬ್ಯಾಲಾರ್ಡ್ ಹೇಳಿದ ಮಾತಿನ ಸಾರ ಇಷ್ಟು: ಇದು ಸೂರ್ಯಕಾಂತಿ ಥರ ದಿಢೀರ್ ಅಂತ ಏಳಲ್ಲ, ಓಕ್ ಮರದ ಥರ ನಿಧಾನವಾಗಿ ಬೆಳೆಯುತ್ತೆ. ಚಿಲಿಗೆ ಅವರ ಮಿಷನರಿಗಳು ಮತ್ತೆ ಕಾಲಿಟ್ಟಿದ್ದು 1956ರಲ್ಲಿ. ಪಾರ್ಲಿ ಹೊರಟು 104 ವರ್ಷ ಆಗಿತ್ತು!

ಇವತ್ತು ದಕ್ಷಿಣ ಅಮೆರಿಕದಲ್ಲಿ 40 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ ಅನ್ನುತ್ತೆ ಚರ್ಚ್. ಆದರೆ ಬಿಕಾಂ ಓದೋರು ಒಂದೇ ಲೆಡ್ಜರ್ ನೋಡಿ ಸಹಿ ಹಾಕಬಾರದಲ್ವಾ? 2002ರ ಚಿಲಿ ಜನಗಣತಿಯಲ್ಲಿ ತಾವು ಮಾರ್ಮನ್ ಅಂತ ಬರೆಸಿದ 15 ದಾಟಿದವರು ಸುಮಾರು 1 ಲಕ್ಷ. ಅದೇ ಹೊತ್ತಿಗೆ ಚರ್ಚಿನ ಪಟ್ಟಿಯಲ್ಲಿ 5 ಲಕ್ಷಕ್ಕೂ ಮೇಲೆ. ಪಟ್ಟಿಯಲ್ಲಿ ಮಕ್ಕಳೂ ಇರ್ತಾರೆ ನಿಜ, ಆದರೂ ಇಷ್ಟು ದೊಡ್ಡ ಅಂತರ ಅದರಿಂದ ತುಂಬಲ್ಲ. ದೀಕ್ಷೆ ತಗೊಂಡು ಆಮೇಲೆ ಬಿಟ್ಟು ಹೋದವರ ಲೆಕ್ಕ ಆ ಅಂತರದಲ್ಲಿದೆ. ಅದನ್ನೂ ಚರಿತ್ರೆಯಲ್ಲಿ ಬರೀಬೇಕು.

ಇನ್ನು ಪಾರ್ಲಿಯ ಲೆಕ್ಕ. 'ಮೊಮ್ಮಗ ಸಾಧಿಸಿದ, ಹಾಗಾಗಿ ತಾತನ ಕಷ್ಟ ಸಾರ್ಥಕ' ಅಂತ ಬರೆದು ಮುಗಿಸೋದು ಸುಲಭ. ನನಗೆ ಅದು ಸರಿ ಅನ್ನಿಸಲ್ಲ. 1925ರ ಆರು ದೀಕ್ಷೆಗಳಿಂದ 1852ರ ಆ ಗೋರಿ ಅಳಿಸಿ ಹೋಗಲ್ಲ. ಫೀಬಿಯ ದುಃಖಕ್ಕೆ ಯಾವ ಅಂಕಿಸಂಖ್ಯೆಯೂ ಜಮಾ ಆಗಲ್ಲ. ನನಗೆ ಕಂಡದ್ದು ಇಷ್ಟೇ: ನಂಬಿಕೆ ಎಷ್ಟೇ ಗಟ್ಟಿ ಇದ್ರೂ ಎದುರಿಗಿರೋರ ಭಾಷೆ ಬರದಿದ್ರೆ ಬಾಗಿಲು ತೆರೆಯಲ್ಲ, ಮತ್ತೆ ಆ ಭಾಷೆ ಬರೋಕೆ ಕೆಲವೊಮ್ಮೆ ಮೂರು ತಲೆಮಾರು ಬೇಕಾಗುತ್ತೆ.

2019ರಲ್ಲಿ ನಿಯಮ ಬದಲಾಯ್ತು. ಈಗ ಮಿಷನರಿಗಳು ವಾರಕ್ಕೊಮ್ಮೆ ಮನೆಗೆ ವಿಡಿಯೋ ಕಾಲ್ ಮಾಡಬಹುದು. ಈ ಡಿಸೆಂಬರ್ 25ಕ್ಕೂ ಯಾವುದೋ ಊರಲ್ಲಿ ಹತ್ತೊಂಬತ್ತರ ಹುಡುಗನೊಬ್ಬ, ಇನ್ನೂ ಸರಿಯಾಗಿ ನಾಲಿಗೆ ತಿರುಗದ ಭಾಷೆಯಲ್ಲಿ ನಾಲ್ಕು ಮನೆ ಬಾಗಿಲು ತಟ್ಟಿ ಬಂದು, ಫೋನ್ ಎತ್ತಿಕೊಂಡು ಅಮ್ಮ ಕಾಣಿಸೋದನ್ನೇ ಕಾಯ್ತಿರ್ತಾನೆ.

ನಿಮ್ಮ ಮನೇಲಿ ತಾತ ಅಜ್ಜಿ ಶುರು ಮಾಡಿ ಅರ್ಧಕ್ಕೆ ನಿಂತ ಕೆಲಸ ಏನಾದ್ರೂ ಇದೆಯಾ? ಕಾಮೆಂಟಲ್ಲಿ ಬರೀರಿ, ಎಲ್ಲಾನೂ ಓದ್ತೀನಿ.

#ಕನ್ನಡದಲ್ಲಿಚರಿತ್ರೆ #ಕ್ರಿಸ್‌ಮಸ್ #ಮರೆತಕಥೆಗಳು